ಎಕ್ಕದ ಜೋಡಿ ಹಿಡಿದು ರೈಸ್ ಮಾಡಿದರೆ ಎಲ್ಲರೂ ಎಲೆ ಎಸೆಯುತ್ತಾರೆ!

ಪ್ರಶ್ನೆ: ಸರ್, ನಾವು ಎಂಟು ಜನ ನೋ ಲಿಮಿಟ್ ಹೋಲ್ಡೆಮ್ ಪೋಕರ್ ಆಡುತ್ತೇವೆ. ಎರಡು ಎಕ್ಕ ಬಂದಾಗ ರೈಸ್ ಮಾಡಿದರೆ (ಬೆಟ್ ಏರಿಸಿದರೆ) ಒಬ್ಬರೂ ಬರುವುದಿಲ್ಲ, ಬರೀ ಬ್ಲೈಂಡ್, ಅಂದರೆ ಎಲೆ ಹಂಚುವ ಮೊದಲೇ ಇಬ್ಬರು ಹಾಕುವ ಹಣ ಸಿಗುತ್ತದೆ. ಅದಕ್ಕೇ ಈಗೀಗ ಏರಿಸದೆ, ಇದ್ದ ಬೆಟ್‌ನಷ್ಟೇ ಹಾಕಿ ಸುಮ್ನೆ ಕಾಲ್ ಮಾಡಿ ಕೂರುತ್ತೇನೆ. ಹಾಗೆ ಮಾಡಿದರೆ ನಾಲ್ಕೈದು ಜನ ಬರುತ್ತಾರೆ, ಕೊನೆಗೆ ಯಾರೋ ಎರಡು ಜೋಡಿ ತೋರಿಸಿ ಪಾಟ್ (ಮಧ್ಯದಲ್ಲಿ ಸೇರಿದ ಹಣ) ಎತ್ತಿಕೊಂಡು ಹೋಗುತ್ತಾರೆ. ಒಳ್ಳೆ ಎಲೆಗೆ ಯಾವಾಗ ರೈಸ್ ಮಾಡಬೇಕು?

ಉತ್ತರ: ಒಂದು ಪ್ರಶ್ನೆ ನಾನೇ ಕೇಳುತ್ತೇನೆ. ನೀವು ಕಳೆದ ಸಲ ಎಕ್ಕ, ರಾಜ ಇಲ್ಲದ ಎಲೆಗೆ ರೈಸ್ ಮಾಡಿದ್ದು ಯಾವಾಗ? ನೆನಪಾಗುತ್ತಿಲ್ಲ ಅಂದರೆ ತೊಂದರೆ ಅಲ್ಲೇ ಇದೆ. ಎರಡು ಎಕ್ಕ ಬರುವುದೇ 221 ಸಲಕ್ಕೆ ಒಮ್ಮೆ. ಮೂರು ಗಂಟೆ ಬಾಯಿ ಮುಚ್ಚಿ ಕೂತವರು ಇದ್ದಕ್ಕಿದ್ದಂತೆ ರೈಸ್ ಅಂದರೆ ಪಕ್ಕದವರು ನಿಮ್ಮ ಎಲೆ ನೋಡಬೇಕಾಗಿಲ್ಲ, ಮುಖ ನೋಡಿದರೆ ಸಾಕು.

ಹಾಗಂತ ಕಾಲ್ ಮಾಡಿ ಅಡಗುವುದು ಮದ್ದಲ್ಲ. ಲೆಕ್ಕ ನೋಡಿ. ನಿಮ್ಮ ಹತ್ತಿರ 100 ಬಿಗ್ ಬ್ಲೈಂಡ್ (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದು, ಅದೇ ನಮ್ಮ ಅಳತೆ) ಇದೆ ಅಂದುಕೊಳ್ಳಿ. ನೀವು ಬರೀ ಕಾಲ್ ಮಾಡಿದಿರಿ, ಸ್ಮಾಲ್ ಬ್ಲೈಂಡ್‌ನವರು ತಮ್ಮ ಅರ್ಧ ಬಿಟ್ಟು ಎಲೆ ಎಸೆದರು, ಬಿಗ್ ಬ್ಲೈಂಡ್‌ನವರು ಏನೂ ಸೇರಿಸದೆ ಚೆಕ್ ಮಾಡಿದರು. ಪಾಟ್‌ನಲ್ಲಿ 2.5. ಮುಂದಿನ ಮೂರೂ ಸುತ್ತಲ್ಲಿ ನೀವು ಪಾಟ್‌ನಷ್ಟೇ ಬೆಟ್ ಮಾಡಿ, ಅವರು ಪ್ರತಿ ಸಲ ಕಾಲ್ ಮಾಡಿದರೂ ಅವರಿಂದ ಬರುವುದು 32.5. ಅದೇ ಮೊದಲೇ 3ಕ್ಕೆ ರೈಸ್ ಮಾಡಿ ಅವರು ಬಂದಿದ್ದರೆ ಪಾಟ್ 6.5ರಿಂದ ಶುರು. ಅದೇ ಮೂರು ಬೆಟ್‌ಗೆ 84.5 ಬರುತ್ತದೆ. ಮೊದಲು ಹೆಚ್ಚಿಗೆ ಹಾಕಿದ ಆ ಎರಡು ಬಿಗ್ ಬ್ಲೈಂಡ್ ಕೊನೆಯಲ್ಲಿ ಐವತ್ತಾಗಿ ನಿಲ್ಲುತ್ತದೆ.

ಬಹಳ ಜನ ‘ಬೇರೆಯವರನ್ನು ಓಡಿಸೋಕೆ ರೈಸ್’ ಅಂತ ಕಲಿತಿರುತ್ತಾರೆ. ಎಕ್ಕದ ಜೋಡಿಗೆ ಅದು ಉಲ್ಟಾ. ಯಾವುದೋ ಎಲೆ ಹಿಡಿದ ಒಬ್ಬರ ಎದುರು ಅದು ಕೊನೆವರೆಗೆ ಹೋದರೆ ನೂರಕ್ಕೆ 85 ಸಲ ಗೆಲ್ಲುತ್ತದೆ, ಐದು ಜನರ ಎದುರು ಸುಮಾರು 49 ಸಲ. ‘ಅಯ್ಯೋ, ಅರ್ಧಕ್ಕರ್ಧ ಸೋಲು’ ಅನ್ನಿಸುತ್ತದೆ ಅಲ್ವಾ? ಆದರೆ ನೀವು ಹಾಕಿದ್ದು ಪಾಟ್‌ನ ಆರನೇ ಒಂದು ಭಾಗ ಮಾತ್ರ. ರೈಸ್ ಕೊಟ್ಟೂ ಐದು ಜನ ಬಂದರೆ ಬರಲಿ. ಪುಕ್ಕಟೆ ಬರಬಾರದು, ಅಷ್ಟೇ.

ನಾನೂ ಈ ತಪ್ಪು ಮಾಡಿದ್ದೇನೆ. ಹೊಸದರಲ್ಲಿ ಎಕ್ಕದ ಜೋಡಿ ಹಿಡಿದು ಜಾಣನಂತೆ ಕಾಲ್ ಮಾಡಿ ಕೂತಿದ್ದೆ. ಬಿಗ್ ಬ್ಲೈಂಡ್‌ನವರ ಕೈಯಲ್ಲಿ ಒಂಬತ್ತು-ನಾಲ್ಕು. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆಗಳಲ್ಲಿ, ಒಂಬತ್ತು, ನಾಲ್ಕು, ರಾಜ. ಇದ್ದ ಚಿಪ್ಸ್ ಎಲ್ಲಾ ಹೋಯಿತು. ರೈಸ್ ಮಾಡಿದ್ದರೆ ಆ ಎಲೆ ಆಗಲೇ ಕಸದಲ್ಲಿರುತ್ತಿತ್ತು.

ಪ್ರಶ್ನೆ: ಹಾಗಾದರೆ ಯಾವ ಎಲೆಗೆಲ್ಲ, ಎಷ್ಟು ರೈಸ್ ಮಾಡಬೇಕು ಸರ್?

ಉತ್ತರ: ಕೂತ ಜಾಗದ ಮೇಲೆ ಹೋಗುತ್ತದೆ. ಬಿಗ್ ಬ್ಲೈಂಡ್‌ನ ಎಡಗಡೆ, ಮೊದಲು ಮಾತಾಡುವ ಜಾಗದಲ್ಲಿದ್ದರೆ ಹಿಂದೆ ಏಳು ಜನ ಇದ್ದಾರೆ. ಅಲ್ಲಿ ಹತ್ತರ ಜೋಡಿ ಮತ್ತು ಮೇಲಿನವು, ಎಕ್ಕ-ರಾಜ, ಎಕ್ಕ-ರಾಣಿ ಹೊಸಬರಿಗೆ ಸಾಕು. ಬಟನ್‌ನಲ್ಲಿ (ಫ್ಲಾಪ್ ನಂತರ ಕೊನೆಗೆ ಮಾತಾಡುವ ಜಾಗ) ಕೂತು, ನಿಮಗಿಂತ ಮುಂಚಿನವರೆಲ್ಲ ಫೋಲ್ಡ್ ಮಾಡಿದ್ದರೆ, ಅಂದರೆ ಎಲೆ ಎಸೆದಿದ್ದರೆ, ಕೈ ಬಿಚ್ಚಿ ಆಡಿ. ಸಣ್ಣ ಜೋಡಿ, ಸೂಟೆಡ್ ಎಕ್ಕ (ಎಕ್ಕದ ಜೊತೆ ಅದೇ ಬಣ್ಣ-ಗುರುತಿನ ಇನ್ನೊಂದು ಎಲೆ), ಹತ್ತು-ಗುಲಾಮ, ಎಲ್ಲಕ್ಕೂ ರೈಸ್. ಆಗ ನಿಮ್ಮ ಎಕ್ಕದ ಜೋಡಿ ಈ ಗುಂಪಿನಲ್ಲಿ ಕಾಣದೆ ಹೋಗುತ್ತದೆ, ಕಾಲ್ ಮಾಡುವವರೂ ಸಿಗುತ್ತಾರೆ.

ಅಳತೆ ಮೂರು ಬಿಗ್ ಬ್ಲೈಂಡ್. ನಿಮಗಿಂತ ಮುಂಚೆ ಸುಮ್ನೆ ಕಾಲ್ ಮಾಡಿ ಬಂದವರಿದ್ದರೆ ತಲೆಗೊಂದು ಸೇರಿಸಿ. ಇಬ್ಬರು ಬಂದಿದ್ದರೆ ಐದು. ಎಕ್ಕಕ್ಕೆ ಐದು, ಹತ್ತು-ಗುಲಾಮಕ್ಕೆ ಎರಡೂವರೆ ಅಂತ ಬದಲಾಯಿಸಬೇಡಿ. ಅದು ಎಲೆ ತಿರುಗಿಸಿ ತೋರಿಸಿದ ಹಾಗೆ.

ಇನ್ನೊಬ್ಬರ ಪ್ರಶ್ನೆ: ನನಗಿಂತ ಮುಂಚೆಯೇ ಯಾರೋ ರೈಸ್ ಮಾಡಿಬಿಟ್ಟಿದ್ದರೆ? ಗುಲಾಮನ ಜೋಡಿ ಬಂದಾಗ ನನಗೆ ಕೈಯೇ ಓಡುವುದಿಲ್ಲ.

ಉತ್ತರ: ಎಕ್ಕ, ರಾಜನ ಜೋಡಿ ಆದರೆ ಯೋಚಿಸಬೇಡಿ, ಮತ್ತೆ ರೈಸ್. ಅವರ ನಂತರ ಮಾತಾಡುವ ಜಾಗದಲ್ಲಿದ್ದರೆ ಅವರ ರೈಸ್‌ನ ಮೂರರಷ್ಟು, ಬ್ಲೈಂಡ್‌ನಲ್ಲಿದ್ದರೆ ನಾಲ್ಕರಷ್ಟು. ರಾಣಿಯ ಜೋಡಿಗೂ ಬಹುತೇಕ ಇದೇ.

ಎಕ್ಕ-ರಾಜಕ್ಕೂ ಮತ್ತೆ ರೈಸ್ ಮಾಡಬಹುದು, ಅದರಲ್ಲೊಂದು ಮಜಾ ಇದೆ. ಎಕ್ಕದ ಜೋಡಿ ಆರು ರೀತಿಯಲ್ಲಿ ಬರಬಹುದು, ರಾಜನದೂ ಆರು. ಒಂದು ಎಕ್ಕ, ಒಂದು ರಾಜ ನಿಮ್ಮ ಕೈಯಲ್ಲೇ ಇದ್ದರೆ ಎದುರಿನವರಿಗೆ ಉಳಿಯುವುದು ಮೂರು, ಮೂರು. ನಿಮಗೆ ಭಯ ಹುಟ್ಟಿಸುವ ಕೈಗಳೇ ಅರ್ಧಕ್ಕೆ ಇಳಿದವು.

ಗುಲಾಮ ನಿಜಕ್ಕೂ ಕಷ್ಟದ ಎಲೆ. ಫ್ಲಾಪ್‌ನಲ್ಲಿ ನೂರಕ್ಕೆ 57 ಸಲ ರಾಣಿ, ರಾಜ ಅಥವಾ ಎಕ್ಕ ಬಂದು ಕೂರುತ್ತದೆ. ರಾಣಿಯ ಜೋಡಿಗೆ ಈ ತಲೆನೋವು 41 ಸಲ, ರಾಜನಿಗೆ ಬರೀ 23. ಅದಕ್ಕೇ ಎದುರು ಯಾರು ಅಂತ ನೋಡಬೇಕು. ಬಟನ್‌ನಿಂದ ಸಿಕ್ಕಿದ್ದಕ್ಕೆಲ್ಲ ರೈಸ್ ಮಾಡುವವರಾದರೆ ಗುಲಾಮಕ್ಕೂ ಮತ್ತೆ ರೈಸ್ ಮಾಡಿ, ಕೆಟ್ಟ ಎಲೆಯಲ್ಲೂ ಬರುತ್ತಾರೆ. ಗಂಟೆಗೊಮ್ಮೆ ಬಾಯಿ ಬಿಡುವವರು ಮೊದಲ ಜಾಗದಿಂದ ರೈಸ್ ಮಾಡಿದ್ದರೆ ಕಾಲ್ ಮಾಡಿ ಫ್ಲಾಪ್ ನೋಡಿ. ಅಲ್ಲಿ ಮತ್ತೆ ರೈಸ್ ಮಾಡಿದರೆ ನಿಮಗಿಂತ ಕೆಳಗಿನವು ಹೆಚ್ಚಾಗಿ ಓಡಿಹೋಗುತ್ತವೆ, ಮೇಲಿನವು ಉಳಿಯುತ್ತವೆ.

ಮೊದಲು ಕೇಳಿದವರು: ಒಂದೇ ಒಂದು ಸರ್. ಕಾಲ್ ಮಾಡಿ ಬಲೆ ಬೀಸುವುದು ಯಾವತ್ತೂ ಸರಿಯಲ್ಲವಾ?

ಉತ್ತರ: ಒಂದು ಕಡೆ ಸರಿ. ನಿಮ್ಮ ಎಡಗಡೆ ಯಾರೋ ಕಾಲ್ ಕಂಡರೆ ಸಾಕು, ರೈಸ್ ಅನ್ನುವವರು ಕೂತಿದ್ದರೆ ಕಾಲ್ ಮಾಡಿ ಕಾಯಿರಿ. ಅವರು ರೈಸ್ ಮಾಡಿದ ತಕ್ಷಣ ನೀವು ದೊಡ್ಡದಾಗಿ ಮತ್ತೆ ರೈಸ್ ಮಾಡಿ. ಅಂಥವರು ಆ ಟೇಬಲ್‌ನಲ್ಲಿ ಇದ್ದಾರಾ, ಮೊದಲು ಅದನ್ನು ಹೇಳಿ.