ನಿರೀಕ್ಷಕ ಬಂದು ಏನು ಮಾಡುತ್ತಾನೆ?

ಗೆಳೆಯರೇ,

ನಗರದ ಆರೋಗ್ಯ ನಿರೀಕ್ಷಕರ ತರಬೇತಿಗೆ ಅಂತ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಎಡವಿದೆ. ನಾನು ಬರೆದ ವಾಕ್ಯ ಇದು: "ನಿರೀಕ್ಷಕರು ವಾರಕ್ಕೊಮ್ಮೆ ನೀರಿನ ತೊಟ್ಟಿಗಳನ್ನು ನಿರೀಕ್ಷಿಸಬೇಕು." ಓದಿದ ತಂಗಿ ಕೇಳಿದಳು, "ಯಾಕೆ, ತೊಟ್ಟಿ ಎಲ್ಲಿಂದ ಬರಬೇಕಿತ್ತು?"

ಅವಳು ಕೇಳಿದ್ದು ಸರಿಯೇ. ಇವತ್ತಿನ ಕನ್ನಡದಲ್ಲಿ ನಿರೀಕ್ಷಿಸು ಅಂದರೆ ಕಾಯುವುದು, ಎದುರು ನೋಡುವುದು. ಹಾಗಾದರೆ ಆರೋಗ್ಯ ನಿರೀಕ್ಷಕ ಅಂದರೆ ಆರೋಗ್ಯ ಯಾವಾಗ ಬರುತ್ತೋ ಅಂತ ಕಾಯುತ್ತಾ ಕೂತವನು. ಅವನು ರೋಗಿ, ಅಲ್ವಾ?

ಸಂಸ್ಕೃತದ 'ಈಕ್ಷ್' ಧಾತುವಿಗೆ ನೋಡುವುದು ಅಂತ ಅರ್ಥ. ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ ಎಲ್ಲ ಅದರ ಮಕ್ಕಳೇ. ಹಿಂದಿಯಲ್ಲಿ ನಿರೀಕ್ಷಣ ಇಂದಿಗೂ ತಪಾಸಣೆಯೇ, ಕಾಯುವುದಕ್ಕೆ ಪ್ರತೀಕ್ಷಾ ಬೇರೆ ಇದೆ. ಕನ್ನಡದಲ್ಲೂ ತೆಲುಗಿನಲ್ಲೂ ಅದು ಕಾಯುವ ಕಡೆಗೆ ವಾಲಿತು. ವಿಚಿತ್ರ ಏನಲ್ಲ. 'ದಾರಿ ನೋಡು' ಅನ್ನುವಾಗಲೂ ನೋಡುತ್ತಾ ನೋಡುತ್ತಾ ಕಾಯುವುದೇ ಆಗಿಹೋಗಿದೆ. ಅತ್ತ 'ಕಾಯು' ಕೂಡ ಎರಡು ಕಡೆ ದುಡಿಯುತ್ತದೆ: ಬಸ್ಸಿಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ನಮ್ಮ ತೊಡಕು ಏನೆಂದರೆ, ಹುದ್ದೆಯ ಹೆಸರಲ್ಲಿ ಹಳೆಯ ಅರ್ಥ ಉಳಿದುಕೊಂಡಿತು, ಕ್ರಿಯಾಪದ ಕೈಬಿಟ್ಟು ಹೋಯಿತು. ನಿರೀಕ್ಷಕ ಬರುತ್ತಾನೆ, ಆದರೆ ನಿರೀಕ್ಷಿಸುವ ಹಾಗಿಲ್ಲ.

ಅದೂ ಈ ಕೆಲಸದಲ್ಲಿ ಕಾಯುತ್ತಾ ಕೂತರೆ ಕೆಟ್ಟಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಬಂದು, ಬೆಳೆದು ಹಾರುವುದಕ್ಕೆ ಬೆಚ್ಚಗಿನ ದಿನಗಳಲ್ಲಿ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಅನ್ನುವ ಲೆಕ್ಕ ಬಂದದ್ದು ಅದರಿಂದಲೇ. ಮುಚ್ಚಳ ಮೆಲ್ಲಗೆ ಸರಿಸಿ, ಟಾರ್ಚ್ ಬಿಟ್ಟು, ಬಗ್ಗಿ ನೋಡುತ್ತಾರೆ. ನೆರಳು ಬಿದ್ದರೆ ಸಾಕು, ನೀರಿನಲ್ಲಿರುವ ಸೊಳ್ಳೆ ಮರಿಗಳು ಬಳುಕುತ್ತಾ ತಳಕ್ಕೆ ಇಳಿದುಬಿಡುತ್ತವೆ. ಆಮೇಲೆ ಅವು ಉಸಿರಾಡಲು ಮೇಲೆ ಬರುವ ತನಕ ಅಲ್ಲಾಡದೆ ನಿಲ್ಲಬೇಕು. (ಹಾಂ, ಇಲ್ಲಿ ಮಾತ್ರ ಒಂದು ನಿಮಿಷ ನಿರೀಕ್ಷಿಸುವುದುಂಟು!)

ಇನ್ನು 'ತಪಾಸಣೆ'. ಒಳ್ಳೆಯ, ಬಳಕೆಯ ಪದ. ಆದರೆ ಆರೋಗ್ಯದ ಪಕ್ಕ ಕೂತರೆ ಅದರ ಬಣ್ಣವೇ ಬೇರೆ. "ಆರೋಗ್ಯ ತಪಾಸಣೆಗೆ ಬಂದಿದ್ದೇವೆ" ಅಂತ ಬಾಗಿಲಲ್ಲಿ ನಿಂತು ಹೇಳಿ ನೋಡಿ, ಮನೆಯ ಹಿರಿಯರು ಬಿಪಿ ನೋಡಿಸಿಕೊಳ್ಳಲು ತೋಳು ಮಡಚುತ್ತಾರೆ. ಇವರು ನೋಡಲು ಬಂದದ್ದು ಮೈಯನ್ನಲ್ಲ, ಚರಂಡಿಯನ್ನು. 'ಪರಿವೀಕ್ಷಕ' ಅಂತಲೂ ಕಚೇರಿ ಕಾಗದಗಳಲ್ಲಿ ಕಾಣುತ್ತದೆ. ವೀಕ್ಷಕ ಅಂದಾಗ ಟಿವಿ ಮುಂದೆ ಕೂತವನೇ ನೆನಪಾಗುತ್ತಾನೆ. 'ಪರಿ' ಸೇರಿದ ಮೇಲೆ ಎದ್ದು ಸುತ್ತಾಡಿದಂತೆ ಅನ್ನಿಸುತ್ತದೆ, ಅಷ್ಟೇ. ಜನ ಇದ್ಯಾವುದರ ಗೋಜಿಗೂ ಹೋಗದೆ "ಚೆಕ್ ಮಾಡೋಕೆ ಬಂದಿದ್ದಾರೆ" ಅನ್ನುತ್ತಾರೆ. ಸುಮ್ನೆ ಇನ್ಸ್‌ಪೆಕ್ಟರ್ ಅಂದರೆ ಪೊಲೀಸರೇ.

ಇಂಗ್ಲೆಂಡಿನಲ್ಲೂ ಈ ಹೆಸರು ಒಂದು ಕಡೆ ನಿಲ್ಲಲಿಲ್ಲ. 1847ರಲ್ಲಿ ಲಿವರ್‌ಪೂಲಿನಲ್ಲಿ ಥಾಮಸ್ ಫ್ರೆಶ್ ಅನ್ನುವವರು ಇದ್ದ ಇಂಥದ್ದೇ ಹುದ್ದೆಗೆ 'ಇನ್ಸ್‌ಪೆಕ್ಟರ್ ಆಫ್ ನ್ಯೂಸೆನ್ಸಸ್' ಅಂತ ಹೆಸರು. ಆಮೇಲೆ ಸ್ಯಾನಿಟರಿ ಇನ್ಸ್‌ಪೆಕ್ಟರ್ ಬಂತು. 1956ರಲ್ಲಿ ಕಾನೂನು ಮಾಡಿಯೇ ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್ ಅಂತ ಬದಲಿಸಿದರು. 1970ರ ದಶಕದಲ್ಲಿ ಅದೂ ಹೋಗಿ ಎನ್ವಿರಾನ್‌ಮೆಂಟಲ್ ಹೆಲ್ತ್ ಆಫೀಸರ್ ಆಯಿತು. ಮೊದಲ ಹೆಸರನ್ನು ಕನ್ನಡಕ್ಕೆ ತಂದರೆ 'ಉಪದ್ರವ ನಿರೀಕ್ಷಕ'. ಕಾಯುವ ಅರ್ಥದಲ್ಲೇ ಓದಿಕೊಂಡರೂ ಈ ಕೆಲಸಕ್ಕೆ ಒಪ್ಪುತ್ತದೆ ಅನ್ನಿ.

ಹುದ್ದೆಯ ಹೆಸರು ಬದಲಿಸುವ ಉಮೇದು ನನಗಿಲ್ಲ, ಅದು ರೂಢಿಯಾಗಿದೆ. ನನಗೆ ಬೇಕಿರುವುದು ಕ್ರಿಯಾಪದ. ತೊಟ್ಟಿಗೆ ಬಗ್ಗಿ ನೋಡುವುದಕ್ಕೂ ದಾಖಲೆ ಪುಸ್ತಕ ತಿರುವಿ ನೋಡುವುದಕ್ಕೂ 'ಪರಿಶೀಲಿಸು' ಒಂದೇ ಸಾಕೇ? ಸದ್ಯಕ್ಕೆ ತೊಟ್ಟಿಗೆ 'ತಪಾಸಣೆ ಮಾಡು', ಕಾಗದಕ್ಕೆ 'ಪರಿಶೀಲಿಸು' ಅಂತ ಇಟ್ಟಿದ್ದೇನೆ. ಈ ಕೆಲಸದಲ್ಲಿ ಇರುವವರು ತಮ್ಮತಮ್ಮಲ್ಲಿ ಏನನ್ನುತ್ತೀರಿ? ಹಳೆಯ ಬರಹದಲ್ಲಿ ನಿರೀಕ್ಷಿಸು ಅನ್ನುವುದು ಕಣ್ಣಿಟ್ಟು ನೋಡು ಅನ್ನುವ ಅರ್ಥದಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಸಾಲು ಸಮೇತ ತಿಳಿಸಿ. ತಂಗಿಗೆ ತೋರಿಸಬೇಕು.