ಸೂಲಗಿತ್ತಿಯೋ, ಪ್ರಸವ ಪರಿಚಾರಕಿಯೋ? ಗುರುವಾರದೊಳಗೆ ಬೇಕು

ಕೊಳ್ಳೇಗಾಲದಿಂದ:
ಎಲ್ಲರಿಗೂ ನಮಸ್ಕಾರ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ (ಸೋಲಿಗರ ಹಾಡಿಗಳಲ್ಲಿ) ಹೆರಿಗೆ ಮಾಡಿಸುವ ಸೋಲಿಗ ಹೆಂಗಸರಿಗೆ ಒಂದು ತರಬೇತಿ ಇದೆ. ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ಗುರುವಾರ ಬ್ಯಾನರ್ ಪ್ರಿಂಟಿಗೆ ಹೋಗಬೇಕು. 'ಟ್ರೆಡಿಷನಲ್ ಬರ್ತ್ ಅಟೆಂಡೆಂಟ್', 'ಸ್ಕಿಲ್ಡ್ ಬರ್ತ್ ಅಟೆಂಡೆಂಟ್' ಎರಡಕ್ಕೂ ಪದ ಬೇಕು. ಹಳೆಯ ಕರಡಿನಲ್ಲಿ 'ಸಾಂಪ್ರದಾಯಿಕ ಪ್ರಸವ ಪರಿಚಾರಕಿ', 'ಕುಶಲ ಪ್ರಸವ ಪರಿಚಾರಕಿ' ಎಂದಿದೆ. ನನಗೇ ನಾಲಿಗೆ ಹೊರಳುತ್ತಿಲ್ಲ. ಸೂಲಗಿತ್ತಿ ಎನ್ನೋಣ ಅಂದರೆ, 'ಗಿತ್ತಿ ಅಂದ್ರೆ ಅಗೌರವ' ಎಂದು ಒಬ್ಬರು ತಡೆದರು.

ಧಾರವಾಡದಿಂದ:
ಮದುವಣಗಿತ್ತಿಯಲ್ಲಿ ಇಲ್ಲದ ಅಗೌರವ ಸೂಲಗಿತ್ತಿಯಲ್ಲಿ ಎಲ್ಲಿಂದ ಬಂತು? 2018ರಲ್ಲಿ ಪಾವಗಡದ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ ನಾಡೆಲ್ಲ 'ಸೂಲಗಿತ್ತಿ ನರಸಮ್ಮ' ಎಂದೇ ಕರೆಯಿತು. ಅದು ಅವರ ಬಿರುದು. ಬರೆಯಿರಿ, ಮುಗಿಸಿ.

ಮೈಸೂರಿನಿಂದ:
ಸೂಲು ಸಂಸ್ಕೃತದ 'ಸೂ' ಧಾತುವಿನಿಂದ ಬಂದದ್ದು. ಸೂತಿ, ಪ್ರಸೂತಿ ಎಲ್ಲ ಅದೇ ಮನೆಯವು. 'ಪ್ರಸೂತಿ ಸಹಾಯಕಿ' ಎಂದರೆ ಅರ್ಥವೂ ಅದೇ, ಗೌರವವೂ ಉಂಟು.

ಧಾರವಾಡದಿಂದ:
ತಪ್ಪು. ತಮಿಳಿನಲ್ಲಿ ಚೂಲ್, ತೆಲುಗಿನಲ್ಲಿ ಚೂಲು. ಚೊಚ್ಚಲ ಬಸುರಿಗೆ ತೆಲುಗರು ತೊಲಿಚೂಲು ಅನ್ನುತ್ತಾರೆ. 'ಸೂ' ಧಾತುವಿಗೆ ಆ ಲಕಾರವನ್ನು ಎಲ್ಲಿಂದ ಅಂಟಿಸುತ್ತೀರಿ? ನಮ್ಮ 'ಚೊಚ್ಚಲ'ದಲ್ಲೂ ಇದೇ ಸೂಲು ಅಡಗಿದೆ ಎಂದು ನನಗೆ ಬಹಳ ದಿನದ ಅನುಮಾನ. ಅದನ್ನು ಬೇರೆಯಾಗಿ ಬರೆಯುತ್ತೇನೆ.

ಹಾಸನದಿಂದ:
(ಬರೆಯದಿದ್ದರೂ ನಡೆಯುತ್ತೆ ಸಾರ್.) ನಮ್ಮ ಕಡೆ ಈಗ ಸೂಲು ಉಳಿದಿರುವುದು ದನಗಳ ಮಾತಿನಲ್ಲಿ. 'ಎರಡನೇ ಸೂಲಿನ ಹಸು ಮಾರಾಟಕ್ಕಿದೆ' ಅಂತಾರೆ. ಹೆಂಗಸರಿಗಾದರೆ ಹೆರಿಗೆ. ಆದರೆ ಸೂಲಗಿತ್ತಿ ಅಂದಾಗ ಯಾರಿಗೂ ಹಸು ನೆನಪಾಗಲ್ಲ, ಅಜ್ಜಿ ನೆನಪಾಗ್ತಾಳೆ. ಬ್ಯಾನರಿಗೆ ಅಷ್ಟು ಸಾಕಲ್ವಾ?

ಕಲಬುರಗಿಯಿಂದ:
ನಮ್ಮಲ್ಲಿ ದಾಯಿ ಅಂತಲೂ ಇದೆ. ಎರಡೇ ಅಕ್ಷರ.

ಧಾರವಾಡದಿಂದ:
ಪಾರಸಿ. ಬೇಡ.

ಉಡುಪಿಯಿಂದ:
ನಾನು ನರ್ಸಿಂಗ್ ಪಾಠ ಹೇಳುವವಳು. ನೀವೆಲ್ಲ ಮೊದಲ ಪದಕ್ಕೆ ಜಗಳ ಆಡುತ್ತಿದ್ದೀರಿ. ತೊಡಕು ಇರುವುದು ಎರಡನೆಯದರಲ್ಲಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಾರ ಸಂಘಟನೆಗಳು 'ಸ್ಕಿಲ್ಡ್' ಎಂದರೆ ಯಾರು ಎಂದು ಗೆರೆ ಎಳೆದವು: ಓದಿ, ಮಾನ್ಯತೆ ಪಡೆದ ಮಿಡ್‌ವೈಫ್, ನರ್ಸ್ ಅಥವಾ ಡಾಕ್ಟರ್. ಸೂಲಗಿತ್ತಿ ತರಬೇತಿ ಪಡೆದರೂ ಆ ಗೆರೆಯ ಒಳಗೆ ಬರುವುದಿಲ್ಲ. ಹಾಗಾಗಿ 'ಕುಶಲ' ಎಂದರೆ ಆಗುವ ಎಡವಟ್ಟು ನೋಡಿ. ನೂರಾರು ಹೆರಿಗೆ ಮಾಡಿಸಿದ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, 'ಅಮ್ಮಾ, ಕುಶಲರು ನೀವಲ್ಲ, ಅವರು' ಎಂದ ಹಾಗಾಗುತ್ತದೆ. ಇಂಗ್ಲಿಷಿನ ಆ ಪದ ಹೇಳುವುದು ಕೈಚಳಕವನ್ನಲ್ಲ, ಓದನ್ನೂ ಮಾನ್ಯತೆಯನ್ನೂ. ರಕ್ತ ನಿಲ್ಲದಿದ್ದರೆ, ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ ಯಾರ ಹತ್ತಿರ ಕಳಿಸಬೇಕು ಎಂಬುದು ಅಜ್ಜಿಗೆ ಗೊತ್ತಾಗಬೇಕು. ಅಲ್ಲಿ 'ನರ್ಸಮ್ಮ ಅಥವಾ ಡಾಕ್ಟರ್' ಎಂದು ನೇರವಾಗಿ ಬರೆಯಿರಿ.

ಮೈಸೂರಿನಿಂದ:
ನರ್ಸಮ್ಮ ಆಡುಮಾತು. ಸರ್ಕಾರಿ ಹೆಸರು 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ'.

ಹಾಸನದಿಂದ:
ನಡುರಾತ್ರಿ ನೋವು ಬಂದಾಗ ಅಷ್ಟುದ್ದ ಕೂಗುವ ಹೊತ್ತಿಗೆ ಮಗು ಹುಟ್ಟಿರುತ್ತೆ ಸಾರ್.

ಕೊಳ್ಳೇಗಾಲದಿಂದ:
ಉಡುಪಿಯ ಮೇಡಂಗೆ ಕೈ ಮುಗಿದೆ. ಇನ್ನೊಂದು. 'ಫೈವ್ ಕ್ಲೀನ್ಸ್' ಎಂದು ಒಂದು ಪುಟ ಇದೆ. ಕೈ, ಹೆರಿಗೆಯ ಜಾಗ, ಹೊಕ್ಕುಳ ಬಳ್ಳಿ ಕತ್ತರಿಸುವ ಬ್ಲೇಡು, ಕಟ್ಟುವ ದಾರ, ಕೊನೆಗೆ ಬಳ್ಳಿ. ಅದಕ್ಕೆ ಏನೂ ಹಚ್ಚಬಾರದು. ಕರಡಿನಲ್ಲಿ 'ಪಂಚ ಸ್ವಚ್ಛತೆಗಳು' ಎಂದಿದೆ. 'ಐದು ಶುಚಿ' ಸಾಕಾ?

ಧಾರವಾಡದಿಂದ:
ಶುಚಿಯೂ ಸಂಸ್ಕೃತವೇ. 'ಐದು ಚೊಕ್ಕ' ಎನ್ನಿ.

ಮೈಸೂರಿನಿಂದ:
ಚೊಕ್ಕ ಬಂದದ್ದು 'ಚೋಕ್ಷ'ದಿಂದ. ದಾಯಿಯನ್ನು ಪಾರಸಿ ಎಂದು ಓಡಿಸಿದಿರಿ, ಈಗ ಸಂಸ್ಕೃತವನ್ನು ಹಿತ್ತಲ ಬಾಗಿಲಿನಿಂದ ಕರೆಯುತ್ತಿದ್ದೀರಿ.

ಧಾರವಾಡದಿಂದ:
ತದ್ಭವವಾದ ಮೇಲೆ ಅದು ನಮ್ಮದು.

ಕಲಬುರಗಿಯಿಂದ:
ಹಂಗಾದ್ರ ದಾಯಿ ಯಾಕ ನಮ್ದಲ್ರೀ? ನಮ್ಮವ್ವನ ಬಾಯಾಗ ಹುಟ್ಟಿದಾಗಿಂದ ಐತಿ. ಸಂಸ್ಕೃತಕ್ಕ ಒಂದು ಕಾನೂನು, ಪಾರಸಿಗ ಒಂದು ಕಾನೂನು?

ಧಾರವಾಡದಿಂದ:
ಅದು ಬೇರೆ ಚರ್ಚೆ.

ಉಡುಪಿಯಿಂದ:
ಕತ್ತರಿಸುವ ಬ್ಲೇಡಿಗೆ 'ಶುಚಿ' ಎಂದರೆ ತೊಳೆದು ಒರೆಸಿದ್ದು ಸಾಕು ಅಂದುಕೊಳ್ಳುತ್ತಾರೆ. ಅಲ್ಲಿ ಮಾತ್ರ 'ಹೊಸ ಬ್ಲೇಡು' ಎಂದು ಬರೆಯಿರಿ. ಅದಕ್ಕೆ ವ್ಯುತ್ಪತ್ತಿ ಬೇಕಿಲ್ಲ.

ಕೊಳ್ಳೇಗಾಲದಿಂದ:
ಬ್ಯಾನರಿನಲ್ಲಿ 'ಸೂಲಗಿತ್ತಿಯರ ತರಬೇತಿ'. ಕೈಪಿಡಿಯ ಒಳಗೆ 'ನರ್ಸಮ್ಮ ಅಥವಾ ಡಾಕ್ಟರ್', 'ಐದು ಶುಚಿ', 'ಹೊಸ ಬ್ಲೇಡು'. ಪ್ರಿಂಟಿಗೆ ಕೊಡುವ ಮುಂಚೆ ನಾಳೆ ಪೋಡಿಗೆ ಹೋಗಿ ಆ ಹೆಂಗಸರನ್ನೇ ಕೇಳುತ್ತೇನೆ. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಅಂತ ಇಲ್ಲಿ ಯಾರೂ ಕೇಳಲೇ ಇಲ್ಲ, ನಾನೂ ಸೇರಿ.

ಧಾರವಾಡದಿಂದ:
ಚೊಚ್ಚಲಕ್ಕೆ ಅವರಲ್ಲಿ ಏನನ್ನುತ್ತಾರೆ, ಅದನ್ನೂ ಕೇಳಿ ಬನ್ನಿ.