ವರದಿಗಾರನ ಅಪಹರಣದ ಕಥೆ ಬರೆಯುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ನಮಸ್ಕಾರ. ದಾವಣಗೆರೆಯಲ್ಲಿ ನಡೆಯುವ ಒಂದು ಕ್ರೈಂ ಥ್ರಿಲ್ಲರ್ ಬರೆಯುತ್ತಿದ್ದೇನೆ. ಪತ್ರಿಕೆಯ ವರದಿಗಾರನೊಬ್ಬನ ಅಪಹರಣ ಆಗುತ್ತದೆ, ಅವನ ಜೊತೆ ಕೆಲಸ ಮಾಡುವ ವರದಿಗಾರ್ತಿ ಹುಡುಕಲು ಹೊರಡುತ್ತಾಳೆ. ನಾನು ಪತ್ರಿಕೆಯಲ್ಲಿ ಕೆಲಸ ಮಾಡಿದವನಲ್ಲ. ಅವಳು ಎಲ್ಲಿಂದ ಶುರು ಮಾಡಬೇಕು? ಪೊಲೀಸರು ಏನು ಮಾಡುತ್ತಾರೆ? ದಯವಿಟ್ಟು ತಿಳಿಸಿ.

ದಾವಣಗೆರೆಯಲ್ಲಿ ಹನ್ನೊಂದು ವರ್ಷ ಕ್ರೈಂ ವರದಿ ಮಾಡಿದವನು:

ಮೊದಲು ಒಂದು ಮಾತು, ಅವಳನ್ನು ಪೊಲೀಸ್ ಮಾಡಬೇಡಿ. ಕಾಣೆಯಾದವನ ಫೋನ್ ಕರೆಗಳ ಪಟ್ಟಿ, ಅಂದರೆ ಸಿಡಿಆರ್, ಅವಳ ಕೈಗೆ ಸಿಗುವುದಿಲ್ಲ. ಅದನ್ನು ಕಂಪನಿಯಿಂದ ತರಿಸಲು ಎಸ್‌ಪಿ ದರ್ಜೆಯ ಅಧಿಕಾರಿಯೇ ಕೇಳಬೇಕು. ಪರಿಚಯದ ಪೇದೆ ಸುಮ್ನೆ ಕೊಟ್ಟುಬಿಟ್ಟ ಅಂತ ಬರೆದರೆ ನಮ್ಮಂಥವರು ಅಲ್ಲೇ ಪುಸ್ತಕ ಮುಚ್ಚಿಡುತ್ತೇವೆ.

ಅವಳ ಹತ್ತಿರ ಇರುವುದು ಬೇರೆ. ಅವನು ಯಾವ ಸುದ್ದಿಯ ಬೆನ್ನು ಹತ್ತಿದ್ದ ಅನ್ನುವುದು ಪೊಲೀಸರಿಗಿಂತ ಮೊದಲು ಅವಳಿಗೆ ಗೊತ್ತು, ಅಲ್ವಾ? ನಮ್ಮಲ್ಲೂ ಹೀಗೆ ಆಗಿತ್ತು. ಮರಳು ಸಾಗಣೆ ಬಗ್ಗೆ ಬರೆಯುತ್ತಿದ್ದ ಗೆಳೆಯ, ಹರಿಹರದ ಕಡೆ ಹೋಗಿ ಬರ್ತೀನಿ ಅಂದವನು ರಾತ್ರಿಯಾದರೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ಹತ್ತೂವರೆಗೆ ಪುಟ ಕಳಿಸಬೇಕು, ಅವನ ಸುದ್ದಿಗೆ ಅಂತ ಬಿಟ್ಟಿದ್ದ ಮೂರು ಕಾಲಂ ಜಾಗ ಕಂಪ್ಯೂಟರಿನಲ್ಲಿ ಬೆಳ್ಳಗೆ ಹಾಗೇ ಇತ್ತು, ಅಲ್ಲಿ ಬೇರೆ ಏನಾದರೂ ಹಾಕೋಣ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ನಾನು ಅವನ ಡ್ರಾ ತೆಗೆದೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಎರಡು ಲಾರಿ ನಂಬರು, ಒಂದು ಮೊಬೈಲ್ ನಂಬರು, ಪಕ್ಕದಲ್ಲಿ ಬರೀ 'ಮಾವ' ಅಂತ ಇತ್ತು. ಅವನಿಗೆ ಗುಟ್ಟಾಗಿ ಸುದ್ದಿ ಕೊಡುತ್ತಿದ್ದವರ ನಂಬರು ಅದು. ಪೊಲೀಸರಿಗೆ ಕೊಟ್ಟರೆ ಗೆಳೆಯ ಸಿಗಬಹುದು, ಆದರೆ ಆ ಮನುಷ್ಯನ ಗತಿ? ಹತ್ತು ನಿಮಿಷ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಕೊಟ್ಟೆ.

ಗೆಳೆಯನನ್ನು ರಾತ್ರಿಯಿಡೀ ಕಾರಿನಲ್ಲಿ ಸುತ್ತಾಡಿಸಿ, ಬೆದರಿಸಿ, ನಸುಕಿನಲ್ಲಿ ಬೈಪಾಸ್ ಹತ್ತಿರ ಇಳಿಸಿ ಹೋಗಿದ್ದರು. ಒಂದೇ ಕಾಲಲ್ಲಿ ಚಪ್ಪಲಿ ಇತ್ತು. 'ಮಾವ' ಮತ್ತೆ ಯಾವತ್ತೂ ನಮ್ಮ ಫೋನ್ ಎತ್ತಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ನಿಮ್ಮ ಕಥೆಯ ಜೀವ ಆ ಹತ್ತು ನಿಮಿಷದಲ್ಲಿದೆ, ಅದನ್ನು ಅವಸರದಲ್ಲಿ ಮುಗಿಸಬೇಡಿ.

ಚಿತ್ರದುರ್ಗದ ವಕೀಲೆ:

ಮೇಲಿನವರ ಸಂಕಟಕ್ಕೆ ಕಾನೂನಿನಲ್ಲಿ ಆಸರೆ ಜಾಸ್ತಿ ಇಲ್ಲ. ಪ್ರೆಸ್ ಕೌನ್ಸಿಲ್ ಅಂದರೆ ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಸಂಸ್ಥೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ ಪ್ರಕಾರ, ಸುದ್ದಿ ಕೊಟ್ಟವರು ಯಾರು ಹೇಳಿ ಅಂತ ಕೌನ್ಸಿಲ್ ಒತ್ತಾಯಿಸುವಂತಿಲ್ಲ. ಆ ರಕ್ಷಣೆ ಕೌನ್ಸಿಲ್ ಮುಂದೆ ಮಾತ್ರ. ಕೋರ್ಟು ಕೇಳಿದರೆ ಅದು ನಡೆಯುವುದಿಲ್ಲ. ನಿಮ್ಮ ವರದಿಗಾರ್ತಿಗೆ ಇದು ಗೊತ್ತಿರಲಿ, ಆಗ ಅವಳ ಭಯಕ್ಕೆ ತೂಕ ಬರುತ್ತದೆ.

ಇನ್ನು ದೂರು. ಕಾಣೆಯಾಗಿ 24 ಗಂಟೆ ಆಗಲಿ ಅನ್ನುವ ನಿಯಮ ಇಲ್ಲವೇ ಇಲ್ಲ. ನಮ್ಮ ಸರಹದ್ದಲ್ಲ ಅಂತಲೂ ಠಾಣೆಯವರು ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸುವ ಝೀರೋ ಎಫ್‌ಐಆರ್ ಇರುವುದೇ ಅದಕ್ಕೆ. ಆದರೂ ಜಿಲ್ಲೆ ಗಡಿಯಲ್ಲಿ ನನ್ನ ಕಕ್ಷಿದಾರರೊಬ್ಬರನ್ನು ಎರಡು ಠಾಣೆಗಳ ನಡುವೆ ಮಧ್ಯಾಹ್ನವಿಡೀ ಓಡಾಡಿಸಿದ್ದರು. ಆ ತಾಯಿ ಮಗನ ಫೋಟೋ ಹಿಡಿದುಕೊಂಡು ಬಸ್ ಹತ್ತಿ ಇಳಿದಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಥೆ 2024ರ ಜುಲೈ 1ರ ನಂತರದ್ದಾದರೆ ಐಪಿಸಿ ಅಂತ ಬರೆಯಬೇಡಿ, ಈಗ ಭಾರತೀಯ ನ್ಯಾಯ ಸಂಹಿತೆ. ದುಡ್ಡಿಗಾಗಿ ಅಪಹರಣ ಮಾಡಿ ಜೀವಬೆದರಿಕೆ ಹಾಕಿದರೆ ಅದರ ಸೆಕ್ಷನ್ 140(2), ಮರಣದಂಡನೆಯವರೆಗೂ ಹೋಗಬಹುದು. ಗುಟ್ಟಾಗಿ ಕೂಡಿಹಾಕಲು ಎತ್ತಿಕೊಂಡು ಹೋದರೆ 140(3), ಏಳು ವರ್ಷದವರೆಗೆ ಜೈಲು.

ದಾವಣಗೆರೆಯ ಟ್ಯಾಕ್ಸಿ ಚಾಲಕ:

ದಾರಿ ಬಗ್ಗೆ ನಾನು ಹೇಳ್ತೀನಿ. ದುರ್ಗದ ಕಡೆ ಹೆದ್ದಾರಿಯಲ್ಲಿ ಹೋದರೆ ಹೆಬ್ಬಾಳು ಟೋಲ್ ಸಿಗುತ್ತದೆ. 2021ರಿಂದ ಫಾಸ್ಟ್ಯಾಗ್ ಕಡ್ಡಾಯ, ಗಾಡಿ ಯಾವ ಹೊತ್ತಿಗೆ ದಾಟಿತು ಅಂತ ಅಲ್ಲಿ ದಾಖಲಾಗುತ್ತದೆ, ಕ್ಯಾಮೆರಾ ಬೇರೆ. ತಲೆ ಇರುವ ಕಳ್ಳ ಮಾಯಕೊಂಡ, ಹೊಳಲ್ಕೆರೆ ಕಡೆ ಸುತ್ತಿ ಹೋಗುತ್ತಾನೆ. ಆ ಕಡೆ ಅಡಿಕೆ ಬೇಯಿಸುವ ಶೆಡ್‌ಗಳಿವೆ, ಸೀಸನ್ ಮುಗಿದ ಮೇಲೆ ಅತ್ತ ಯಾರೂ ಸುಳಿಯುವುದಿಲ್ಲ. ದಯವಿಟ್ಟು ಕೋಟೆಯಲ್ಲಿ ಬಚ್ಚಿಡಬೇಡಿ, ಅಲ್ಲಿ ದಿನವಿಡೀ ಜನ.

ಪೊಲೀಸ್ ನಾಯಿಯನ್ನೂ ತನ್ನಿ. 2019ರಲ್ಲಿ ನಮ್ಮ ದಾವಣಗೆರೆಯ ತುಂಗಾ ಅನ್ನುವ ಡಾಬರ್‌ಮನ್ ಒಂದು ಕೊಲೆ ಪ್ರಕರಣದಲ್ಲಿ 12 ಕಿ.ಮೀ. ಓಡಿ ಆರೋಪಿಯ ಜಾಡು ಹಿಡಿದಿತ್ತು, ನಮ್ಮ ಸ್ಟ್ಯಾಂಡಿನಲ್ಲಿ ಎಷ್ಟು ದಿನ ಅದೇ ಮಾತು! ಆದರೆ ಕಾರಿಗೆ ಹತ್ತಿಸಿಕೊಂಡು ಹೋಗಿದ್ದರೆ ನಾಯಿ ಕಾರು ನಿಂತಿದ್ದ ಜಾಗದಲ್ಲೇ ನಿಂತುಬಿಡಬಹುದು. ಅಣ್ಣಾ, ಮೇಲೆ ಬರೆದವರ ಗೆಳೆಯನ ಇನ್ನೊಂದು ಚಪ್ಪಲಿ ಎಲ್ಲಿ ಬಿದ್ದಿತ್ತು? ನಾನಾಗಿದ್ದರೆ ಮೊದಲನೇ ಅಧ್ಯಾಯ ಅಲ್ಲಿಂದಲೇ ಶುರು ಮಾಡುತ್ತಿದ್ದೆ.